ಹಳ್ಳದ ದಂಡೆಗೆ ಸೈರನ್ ಕೊಡಿ

ಮಾನ್ಯರೇ,

ಮಲೆನಾಡಲ್ಲಿ ಗುಡುಗು ಸಿಡಿಲಿನ ಮಳೆ ಎಚ್ಚರಿಕೆ ಬೆಂಗಳೂರಲ್ಲಿ ಕೂತಿರೋ ನಮ್ಮ ಮೊಬೈಲಿಗೆ ಬರುತ್ತೆ, ಅಲ್ಲೇ ಹಳ್ಳದ ದಂಡೆಲಿರೋ ನಮ್ಮನೆಯೋರಿಗೆ ಎಷ್ಟೋ ಸಲ ಮುಟ್ಟೋದೇ ಇಲ್ಲ. ಸಿಡಿಲು ಹೊಡೆದ್ರೆ ಕರೆಂಟ್ ಹೋಗುತ್ತೆ, ಹಿಂದೇನೇ ಟವರ್ ಬ್ಯಾಟರಿ ಮುಗಿದು ನೆಟ್‌ವರ್ಕೂ ಇಲ್ಲ, ಆಮೇಲೆ ಸಿಡಿಲಿನ ಮುನ್ಸೂಚನೆ ಕೊಡೋ ‘ಸಿಡಿಲು’ ಆಪ್ ಇದ್ರೂ ‘ದಾಮಿನಿ’ ಆಪ್ ಇದ್ರೂ ಏನು ಮಾಡೋದು? ಗುಡ್ಡದ ನೀರು ಕಾಯಲ್ಲ ಸಾರ್, ಮೇಲೆ ಎಲ್ಲೋ ಸುರಿದಿದ್ದು ಸ್ವಲ್ಪ ಹೊತ್ತಿಗೆಲ್ಲ ಗದ್ದೆಗೆ ನುಗ್ಗುತ್ತೆ, ಊರಲ್ಲಿ ಒಂದು ಹನಿ ಬೀಳದೇ ಇದ್ರೂ ಹಳ್ಳ ಕೆಂಪಾಗಿ ಉಕ್ಕಿ ಬಂದಿದ್ದು ಚಿಕ್ಕೋನಿದ್ದಾಗ ಕಣ್ಣಾರೆ ನೋಡಿದೀನಿ. 2018ರ ಆಗಸ್ಟಲ್ಲಿ ಪ್ರವಾಹ, ಗುಡ್ಡ ಕುಸಿತದಿಂದ ಕೊಡಗು ಅನುಭವಿಸಿದ್ದು ಇನ್ನೂ ಮರ್ತಿಲ್ಲ. ಗುಡ್ಡಗಾಡಿನ ಪ್ರತಿ ಪಂಚಾಯ್ತಿಗೂ ಬ್ಯಾಟರಿ ಸೈರನ್ ಕೊಟ್ಟು, ಅದನ್ನ ಯಾರು ಒತ್ತಬೇಕು, ಜನ ಯಾವ ಕಡೆ ಏರಬೇಕು ಅಂತ ಏಪ್ರಿಲ್ ಒಳಗೇ ತೀರ್ಮಾನ ಮಾಡ್ಲಿ.

– ಓದುಗ, ಯಲಹಂಕ, ಬೆಂಗಳೂರು