ಮೀನಖಂಡ ಅದುರಿದ್ರೆ ಇಷ್ಟೊಂದ್ ಹೆದರ್ತಾರೇನೋ ಪುಟ್ಟ

ಪ್ರೀತಿಯ ಪುಟ್ಟಂಗೆ ದೊಡ್ಡಮ್ಮನ ಆಶೀರ್ವಾದ.

ನೀನು ರಾತ್ರಿ ಎರಡೂವರೆಗೆ ವಾಟ್ಸಾಪಲ್ಲಿ ಹಾಕಿದ್ ವಿಡಿಯೋನ ಬೆಳಿಗ್ಗೆ ಹಾಲು ಕಾಯಿಸ್ತಾ ನೋಡ್ದೆ. ಮೊದ್ಲು ಏನಂತಾನೇ ಗೊತ್ತಾಗ್ಲಿಲ್ಲ, ಕನ್ನಡಕ ಹುಡುಕಿ ಹಾಕ್ಕೊಂಡ್ ನೋಡಿದ್ರೆ ನಿನ್ನ ಮೀನಖಂಡ, ಚರ್ಮದ ಕೆಳಗೆ ಹುಳ ಹರಿದಂಗೆ ಪುಳುಕ್ ಪುಳುಕ್ ಅಂತಿದೆ. ಕೆಳಗೆ "ದೊಡ್ಡಮ್ಮ ಇದು ಎಎಲ್‌ಎಸ್ ಇರ್ಬೋದಾ" ಅಂತ ಬೇರೆ, ನರ ಸತ್ತು ಸ್ನಾಯು ಸೊರಗಿ ಬಲ ಹೋಗ್ತಾ ಹೋಗೋ ಆ ದೊಡ್ಡ ಕಾಯಿಲೆ. ಹಾಲು ಉಕ್ಹೋಯ್ತು ಕಣೋ.

ಫೋನಲ್ಲಿ ಹೇಳಿದ್ರೆ ನಾನ್ ಮಾತಾಡ್ತಿರೋವಾಗ್ಲೇ ಗೂಗಲ್ ಮಾಡ್ತೀಯ, ಅದಕ್ಕೇ ಬರೀತಿದೀನಿ. ಒಂದು ನರ ಎಷ್ಟೋ ಸ್ನಾಯು ಎಳೆಗಳನ್ನ ನೋಡ್ಕೊಳ್ತಿರುತ್ತೆ, ಅದು ಯಾರೂ ಹೇಳ್ದೆ ಸುಮ್ಸುಮ್ನೆ ಕರೆಂಟ್ ಬಿಟ್ರೆ ಅಷ್ಟು ಎಳೆ ಮಾತ್ರ ಅದುರುತ್ತೆ, ಕಾಲೇನೂ ಅಲ್ಲಾಡಲ್ಲ. ಡಾಕ್ಟ್ರು ಇದನ್ನ ಫ್ಯಾಸಿಕ್ಯುಲೇಷನ್ ಅಂತಾರೆ. ರೆಪ್ಪೆ, ಮೀನಖಂಡ, ಹೆಬ್ಬೆರಳ ಬುಡ, ಇವು ಯಾರಿಗ್ ತಾನೆ ಅದುರಲ್ಲ ಹೇಳು. ನಿಮ್ಮಜ್ಜಿ ಬಲಗಣ್ಣು ಅದುರಿದ್ರೆ ಅಪಶಕುನ ಅಂತ ಇಡೀ ದಿನ ಮುಖ ಸಪ್ಪೆ ಮಾಡ್ಕೊಂಡಿರೋರು, ನೀನು ಎಂಜಿನಿಯರು, ನಿನ್ನ ಶಕುನ ಗೂಗಲ್ಲಿಂದ ಬರುತ್ತೆ, ಅಷ್ಟೇ ವ್ಯತ್ಯಾಸ.

ನೀನೇ ಲೆಕ್ಕ ಹಾಕು. ನೈಟ್ ಶಿಫ್ಟು, ನಿದ್ದೆ ಐದು ಗಂಟೆನೂ ಇಲ್ಲ, ದಿನಕ್ಕೆ ಆರು ಕಾಫಿ, ಜಿಮ್ಮಲ್ಲಿ ಬೆವರು ಸುರಿಸಿ ನೀರು ಸರಿಯಾಗ್ ಕುಡಿಯಲ್ಲ. ಸಕಲೇಶಪುರದ ಕಡೆಯೋಳು ನಾನು, ಕಾಫಿ ಬಿಡು ಅಂತ ನನ್ ಬಾಯಲ್ಲಿ ಬರಲ್ಲ, ಆದ್ರೆ ಎರಡಕ್ಕೆ ಇಳಿಸು, ಅದೂ ಡ್ಯೂಟಿ ಶುರುವಲ್ಲಿ, ಮಲಗೋ ಹೊತ್ತಿಗಲ್ಲ. ಇನ್ನೊಂದು, ಭಯ ಬಿದ್ದು ಜೋರ್ ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು, ಕೆಲಸಕ್ ಬರೋ ಕ್ಯಾಲ್ಸಿಯಂ ಕಮ್ಮಿ ಆಗಿ ನರ ಇನ್ನೂ ಪುಕ್ಕಲಾಗುತ್ತೆ, ಬೆರಳು ಜುಮ್ ಅನ್ನುತ್ತೆ, ಅದುರೋದು ಜಾಸ್ತಿ ಆಗುತ್ತೆ. ಹೆದ್ರಿ ನೋಡ್ತಾ ಕೂತಷ್ಟೂ ಅದುರುತ್ತೆ ಅಂದಂಗಾಯ್ತು.

ಬೇರೆ ಕಾರಣ ಇಲ್ಲ ಅಂತಲ್ಲ. ನಿಮ್ಮ ದೊಡ್ಡಪ್ಪಂಗೆ ಬಿಪಿಗೆ ನೀರು ಹೋಗೋ ಮಾತ್ರೆ ಕೊಟ್ಟಾಗ ಪೊಟ್ಯಾಷಿಯಂ ಇಳಿದು ತೊಡೆ ಅದುರೋದು, ಸೆಳೆತ ಎರಡೂ ಇತ್ತು. ನಂಗೆ ಥೈರಾಯ್ಡ್ ಜಾಸ್ತಿ ಆಗಿದ್ದಾಗ ಹೆಬ್ಬೆರಳು ತನ್ನಷ್ಟಕ್ಕೇ ಕುಣಿಯೋದು, ಜೊತೆಗೆ ಎದೆ ಡವಡವ, ತೂಕ ಇಳಿಯೋದು.

ಆಸ್ಪತ್ರೆ ಡ್ಯೂಟೀಲಿ ನಾನು ನಿಜವಾಗ್ಲೂ ಹೆದರಿದ್ದು ಒಂದೇ ತರದ ಕೇಸಿಗೆ. ಬೆಳೆಗೆ ಔಷಧಿ ಹೊಡೆದು ಸಂಜೆ ಆಟೋಲಿ ಹಾಕ್ಕೊಂಡ್ ಬರೋರು, ಬೆವರು, ಜೊಲ್ಲು, ಬೆಳ್ಳುಳ್ಳಿ ತರ ವಾಸನೆ, ಟಾರ್ಚ್ ಬಿಟ್ರೆ ಕಣ್ಣಿನ ಪಾಪೆ ಸಾಸಿವೆ ಕಾಳಷ್ಟು, ಎದೆ ತೊಡೆ ಎಲ್ಲಾ ಕಡೆ ಒಟ್ಟಿಗೇ ಮಾಂಸ ಕುದೀತಿರೋ ಹಾಗೆ ಅದುರೋದು. ಆ ವಿಷ ಆರ್ಗ್ಯಾನೋಫಾಸ್ಫೇಟು, ನರದ ಸಂದೇಶ ಅಳಿಸೋ ಕಿಣ್ವವನ್ನೇ ಕಟ್ಟಿಹಾಕುತ್ತೆ, ಸಂದೇಶ ನಿಲ್ಲೋದೇ ಇಲ್ಲ. ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೆಯೋದು, ಎದೆಯೊಳಗಿನ ನೀರು ಒಣಗೋವರ್ಗೂ ಅಟ್ರೋಪಿನ್ ಮೇಲೆ ಅಟ್ರೋಪಿನ್, ಕೆಲವು ರಾತ್ರಿ ಕೂತ್ಕೊಳ್ಳೋಕೂ ಆಗ್ತಿರ್ಲಿಲ್ಲ. ಊರಲ್ಲಿ ನಿಮ್ಮಪ್ಪ ಶುಂಠಿಗೆ ಔಷಧಿ ಹೊಡೆಯೋವಾಗ ಮಾಸ್ಕ್ ಹಾಕ್ತಾನಾ? ನಿಂಗೆ ಚಿಂತೆ ಮಾಡ್ಲೇಬೇಕು ಅನ್ಸಿದ್ರೆ ಅದನ್ನ ಮಾಡು.

ಈಗ ಎಎಲ್‌ಎಸ್ ವಿಷ್ಯ. ಬಲ ಸರಿಯಾಗಿದ್ದು ಬರೀ ಅದುರ್ತಿದ್ದ 121 ಜನರನ್ನ ಅಮೆರಿಕದ ಮೇಯೋ ಕ್ಲಿನಿಕ್ಕೋರು 2ರಿಂದ 32 ವರ್ಷದವರೆಗೂ ಗಮನಿಸಿ 1993ರಲ್ಲಿ ಬರೆದ್ರು, ಒಬ್ರಿಗೂ ಆ ಕಾಯಿಲೆ ಬಂದಿರ್ಲಿಲ್ಲ. ಅದುರೋದನ್ನ ನೋಡ್ಬೇಡ, ಬಲ ನೋಡು. ಹಿಮ್ಮಡಿ ಮೇಲೆ ನಡೆಯಕ್ಕಾಗ್ತಿಲ್ವಾ, ತುದಿಗಾಲಲ್ಲಿ ನಿಲ್ಲಕ್ಕಾಗ್ತಿಲ್ವಾ, ಹವಾಯಿ ಚಪ್ಪಲಿ ಗೊತ್ತಿಲ್ದೇ ಕಾಲಿಂದ ಜಾರ್ತಾ ಇದ್ಯಾ, ಷರ್ಟಿನ ಗುಂಡಿ ಹಾಕೋಕೆ ಕಷ್ಟನಾ, ಹೆಬ್ಬೆರಳು ತೋರುಬೆರಳ ಮಧ್ಯದ ಮಾಂಸ ಗುಳಿ ಬಿದ್ದಿದ್ಯಾ, ಮಾತು ತೊದಲೋದು, ನುಂಗೋಕಾಗ್ದಿರೋದು. ಇದ್ರಲ್ಲಿ ಒಂದಿದ್ರೂ ತಡ ಮಾಡ್ದೆ ನರದ ಡಾಕ್ಟ್ರತ್ರ ಹೋಗು. ನಿನ್ ವಯಸ್ಸಿನ ಹುಡುಗ್ರಿಗೆ ಒಂದೇ ಕೈ ಅಥ್ವಾ ಒಂದೇ ಕಾಲು ಸಣ್ಣ ಆಗೋ ಕಾಯಿಲೆನೂ ಇದೆ, ನಿಮ್ಹಾನ್ಸ್ ಡಾಕ್ಟ್ರೇ 1984ರಲ್ಲಿ ಮಾನೋಮೆಲಿಕ್ ಅಮಯೋಟ್ರೊಫಿ ಅಂತ ಬರೆದ್ರು, ಅದೂ ಸಾಮಾನ್ಯವಾಗಿ ಕೆಲವು ವರ್ಷ ಬೆಳೆದು ನಿಂತ್ಹೋಗುತ್ತೆ.

ಹಾಗೇನೂ ಇಲ್ಲ ಅಂದ್ರೂ ಮನಸ್ಸಿಗೆ ಸಮಾಧಾನ ಆಗ್ಲಿ, ಹತ್ರದ ಫಿಸಿಷಿಯನ್ ಹತ್ರ ಹೋಗಿ ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ ನೋಡಿಸ್ಕೊ, ನೀನ್ ತಗೊಳ್ಳೋ ಮಾತ್ರೆ, ಜಿಮ್ ಪೌಡ್ರು ಎಲ್ಲಾ ಬಾಯ್ಬಿಟ್ಟು ಹೇಳು, ಆಸ್ತಮಾ ಇನ್ಹೇಲರ್ ಸೇರಿ, ಅದಕ್ಕೂ ಕೈ ನಡುಗುತ್ತೆ. ಆನ್‌ಲೈನಲ್ಲಿ ಮೆಗ್ನೀಷಿಯಂ ಡಬ್ಬಿ ತರಿಸಿ ನೀನೇ ನುಂಗ್ಬೇಡ.

ರಿಪೋರ್ಟ್ ಬಂದ್ಮೇಲೆ ಭಾನುವಾರ ಫೋನ್ ಮಾಡು. ಕಾಲಿನ ವಿಡಿಯೋ ಮಾತ್ರ ಇನ್ ಕಳಿಸ್ಬೇಡ ಮಾರಾಯ, ಒಂದ್ ಲೀಟರ್ ಹಾಲು ಹೋಯ್ತು.

ನಿನ್ನ
ದೊಡ್ಡಮ್ಮ