‘ಕಣ್ಣು ಕಾಣ್ತಾ?’ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗುಂಡ,

ನಿನ್ನ ಮೂರು ವಾಯ್ಸ್ ಮೆಸೇಜೂ ಕೇಳಿದೆ. ಮೂರರಲ್ಲೂ ಒಂದೇ ಪ್ರಶ್ನೆ, ‘ಕಣ್ಣು ಕಾಣ್ತಾ?’ ಉತ್ತರ ಕೊಡಲಿಲ್ಲ ಅಂತ ಬೈಕೋಬೇಡ ಕಣೋ. ಇದನ್ನೂ ಎಡಗಣ್ಣೊಂದನ್ನೇ ನಂಬಿಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು, ದಿನಕ್ಕಿಷ್ಟು ಅಂತ ಟೈಪ್ ಮಾಡುತ್ತಿದ್ದೇನೆ. ಬಲಗಣ್ಣಿನ ಆಪರೇಷನ್ ಆಗಿ ಇವತ್ತಿಗೆ 26 ದಿನ.

ಕಾಣುತ್ತೆ. ಬಿಸಿನೀರು ಬಿಟ್ಟಾಗ ಬಚ್ಚಲಮನೆ ಕನ್ನಡಿ ಮೇಲೆ ಆವಿ ಕೂರುತ್ತಲ್ಲ, ಅದರೊಳಗೆ ನಿನ್ನ ಮುಖ ಎಷ್ಟು ಕಾಣುತ್ತೋ ಅಷ್ಟು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತೆ, ಅಕ್ಕನೋ ಭಾವನೋ ಗೊತ್ತಾಗಲ್ಲ. ಸಿನಿಮಾದಲ್ಲಿ ಬ್ಯಾಂಡೇಜ್ ಬಿಚ್ಚಿದ ಕೂಡಲೇ ಹೀರೋಯಿನ್ ಮುಖ ಕಾಣುತ್ತಲ್ಲ, ಶುದ್ಧ ಸುಳ್ಳು. ನನಗೆ ಮೊದಲು ಕಂಡದ್ದು ಬರೀ ಬೆಳಕು. ಅದೂ ಚುಚ್ಚುವ ಬೆಳಕು. ಆಮೇಲೆ ಸಿಸ್ಟರ್ ಬೆರಳು ತೋರಿಸಿದರು. ಮೂರು ಅಂದೆ. ಎರಡಂತೆ. ದೃಷ್ಟಿ ಒಂದು ಹದಕ್ಕೆ ಬಂದು ನಿಲ್ಲೋಕೆ ತಿಂಗಳುಗಳು ಬೇಕು, ವರ್ಷವೂ ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆಮೇಲೂ ಕನ್ನಡಕವೋ ಲೆನ್ಸೋ ತಪ್ಪಿದ್ದಲ್ಲ.

ಊರಲ್ಲಿ ‘ಕಣ್ಣೇ ಬದಲಾಯಿಸಿದ್ದಾರೆ’ ಅಂತ ಸುದ್ದಿಯಾಗಿದೆಯಂತೆ. ನೀನಾದರೂ ಸರಿಯಾಗಿ ಹೇಳು. ಗುಡ್ಡೆ ನನ್ನದೇ. ಮುಂದಿರುವ ಗಾಜಿನಂಥ ಪದರ, ಕಾರ್ನಿಯಾ, ಅದರ ನಡುಭಾಗ ಮಾತ್ರ ಬೇರೆಯವರದು. ಸುಮಾರು 8 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪ. ಡಾಕ್ಟರುಗಳೂ ಅದನ್ನು ‘ಬಟನ್’, ಅಂದರೆ ಅಂಗಿ ಗುಂಡಿ, ಅಂತಲೇ ಕರೆಯುತ್ತಾರೆ. ನನ್ನ ಗುಂಡಿಗೆ 16 ಹೊಲಿಗೆ, ಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ. ಮಾನಿಟರ್‌ನಲ್ಲಿ ತೋರಿಸಿದರು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ನಿಂತಿವೆ. ನಮ್ಮ ಟೈಲರ್‌ಗೆ ತೋರಿಸಬೇಕಿತ್ತು ಅನ್ನಿಸಿತು.

ಶಾಲೆಯಲ್ಲಿ ನಾನು ಕಣ್ಣು ಉಜ್ಜುತ್ತಿದ್ದದ್ದು ನಿನಗೆ ನೆನಪಿದೆ ಅಲ್ವಾ? ರಾಗಿ ಕಣದ ಧೂಳು ಬಿದ್ದರೆ ಸಾಕು, ಬೆರಳಿನ ಗೆಣ್ಣು ಒತ್ತಿ ಉಜ್ಜಿದ್ದೇ ಉಜ್ಜಿದ್ದು. ಏನು ಸುಖ ಅದು! ‘ಕಣ್ಣು ಕಿತ್ತು ಬರುತ್ತೆ ಬಿಡೋ’ ಅಂತ ನೀನು ಕೈ ಎಳೆಯುತ್ತಿದ್ದೆ. ನನಗಿರುವುದು ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಚೂಪಾಗುವುದು. ಬೇರೆ ಕಾರಣಗಳೂ ಇರುತ್ತವೆ, ಆದರೆ ಉಜ್ಜಿದರೆ ಇನ್ನೂ ಜಾಸ್ತಿಯಾಗುತ್ತೆ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಒಳಪದರ ಬಿರಿದು, ನೀರು ತುಂಬಿ, ಬಲಗಣ್ಣು ಬೆಳ್ಳಗಾಯಿತು. ನೀರು ಇಳಿದರೂ ಕಲೆ ಉಳಿಯಿತು. ಅಲ್ಲಿಂದ ಇಲ್ಲಿಗೆ.

ಈಗ ರಾತ್ರಿ ತೂತು ತೂತಿನ ಪ್ಲಾಸ್ಟಿಕ್ ಶೀಲ್ಡ್ ಕಟ್ಟಿಕೊಂಡೇ ಮಲಗಬೇಕು. ಮೊದಲ ವಾರ ಒಂದು ರಾತ್ರಿ ‘ಟಕ್’ ಅಂತ ಶಬ್ದವಾಗಿ ಎಚ್ಚರವಾಯಿತು. ನೋಡಿದರೆ ನನ್ನದೇ ಗೆಣ್ಣು ಶೀಲ್ಡಿಗೆ ಹೊಡೆದಿದೆ. ನಿದ್ದೆಯಲ್ಲಿ ಕೈ ತಾನಾಗಿಯೇ ಹೋಗಿದೆ ಕಣೋ, ಇಪ್ಪತ್ತೈದು ವರ್ಷದ ಅಭ್ಯಾಸ. ಶೀಲ್ಡ್ ಇಲ್ಲದಿದ್ದರೆ? ಬೆಳಗಿನ ತನಕ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಮಲಗಿದ್ದೆ.

ಹಗಲೆಲ್ಲ ಡ್ರಾಪ್ಸ್. ಮೂರು ಬಾಟಲಿ: ಸ್ಟೀರಾಯ್ಡ್, ಆಂಟಿಬಯೋಟಿಕ್, ಕಣ್ಣು ಒಣಗದ ಹಾಗೆ ಇನ್ನೊಂದು. ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು. ಮೊದಲು ಎಚ್ಚರ ಇದ್ದಷ್ಟು ಹೊತ್ತೂ ಸ್ಟೀರಾಯ್ಡ್ ಎರಡು ಗಂಟೆಗೊಮ್ಮೆ ಇತ್ತು, ಈಗ ದಿನಕ್ಕೆ ಆರು ಸಲ. ಇದರಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಆ ಬಿಳಿ ಡ್ರಾಪ್ಸ್‌ನಲ್ಲಿ ಮದ್ದು ತಳದಲ್ಲಿ ಕೂತಿರುತ್ತೆ, ಚೆನ್ನಾಗಿ ಅಲ್ಲಾಡಿಸಿ ಹಾಕಬೇಕು. ನಾನು ಹತ್ತು ದಿನ ಸುಮ್ನೆ ಮೇಲಿನ ನೀರನ್ನೇ ಹಾಕಿಕೊಂಡಿದ್ದೇನೆ! ಚೆಕಪ್‌ನಲ್ಲಿ ಸಿಸ್ಟರ್ ‘ಎಲ್ಲಿ, ಹಾಕ್ಕೊಂಡು ತೋರಿಸಿ’ ಅಂದಾಗ ಸಿಕ್ಕಿಬಿದ್ದೆ. ಡಾಕ್ಟರ್ ಬೈಯಲಿಲ್ಲ, ಅಕ್ಕ ಆ ಬಾಕಿ ತೀರಿಸಿದಳು. ಸ್ಟೀರಾಯ್ಡ್ ಜಾಸ್ತಿ ದಿನ ಹಾಕಿದರೆ ಕಣ್ಣಿನ ಪ್ರೆಷರ್ ಏರಬಹುದು, ಅದಕ್ಕೇ ಪ್ರತಿ ಸಲ ಪ್ರೆಷರ್ ನೋಡುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಮೈ ಈ ಗುಂಡಿಯನ್ನು ‘ನೀನ್ಯಾರು’ ಅಂತ ಹೊರಗೆ ಹಾಕದಿರಲಿ ಅಂತ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಹಾಗಾಗಿ ಬೇರೆ ಅಂಗಗಳಷ್ಟು ತಕರಾರಿಲ್ಲ. ಸಾಮಾನ್ಯವಾಗಿ ಬ್ಲಡ್ ಗ್ರೂಪ್ ಕೂಡ ಹೊಂದಿಸುವುದಿಲ್ಲ. ಹಾಗಂತ ಮೈಮರೆಯುವ ಹಾಗೂ ಇಲ್ಲ. ಕೆಂಪಾಗುವುದು, ನೋವು, ಬೆಳಕು ಚುಚ್ಚುವುದು, ಇದ್ದ ದೃಷ್ಟಿ ಮಂಕಾಗುವುದು, ಇವುಗಳಲ್ಲಿ ಒಂದು ಬಂದರೂ ಅವತ್ತೇ ಹೋಗಬೇಕು. ನೋವಾದಾಗ ನೋಡೋಣ ಅಂತ ಕೂರುವಂತಿಲ್ಲ, ಯಾಕೆಂದರೆ ಕತ್ತರಿಸಿದ ಸಣ್ಣ ನರಗಳು ಮತ್ತೆ ಬೆಳೆಯುವ ತನಕ ಆ ಗುಂಡಿಗೆ ಸ್ಪರ್ಶವೇ ಸರಿಯಾಗಿರಲ್ಲ. ಅದಕ್ಕೆ ದಿನಾ ಬೆಳಗ್ಗೆ ಎಡಗಣ್ಣು ಮುಚ್ಚಿ, ಮಂಚದಲ್ಲೇ ಕೂತು ಎದುರಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡುತ್ತೇನೆ. ಮೊದಲ ವಾರ ಬರೀ ಬಿಳಿ ಚೌಕ. ಈಗ ಕೆಂಪು ಅಂಕಿ ಯಾವುದು, ಕಪ್ಪು ಯಾವುದು ಗೊತ್ತಾಗುತ್ತೆ. ಅಂಕಿ ಎಷ್ಟು ಅಂತ ಮಾತ್ರ ಕೇಳಬೇಡ.

ಓದೋಕೆ ಆಗಲ್ಲವಲ್ಲ, ಅಕ್ಕನ ಮಗ ಏನಾದರೂ ಓದಿ ಹೇಳುತ್ತಾನೆ. ಮೊದಲ ಬಾರಿ ಈ ಆಪರೇಷನ್ ಗೆದ್ದಿದ್ದು 1905ರ ಡಿಸೆಂಬರ್‌ನಲ್ಲಂತೆ, ಈಗಿನ ಚೆಕ್ ದೇಶದ ಓಲೊಮೊಟ್ಸ್ ಊರಲ್ಲಿ. ಡಾಕ್ಟರ್ ಎಡ್ವರ್ಡ್ ಜಿರ್ಮ್. ಸುಣ್ಣ ಬಿದ್ದು ಎರಡೂ ಕಣ್ಣು ಕಳಕೊಂಡಿದ್ದ ಒಬ್ಬ ಕೂಲಿಯವನಿಗೆ, ಪೆಟ್ಟಾಗಿ ಕಣ್ಣು ತೆಗೆಯಲೇಬೇಕಾಗಿದ್ದ 11 ವರ್ಷದ ಹುಡುಗನೊಬ್ಬನ ಕಾರ್ನಿಯಾ. ಒಂದು ಕಣ್ಣಲ್ಲಿ ನಿಲ್ಲಲಿಲ್ಲ, ಇನ್ನೊಂದರಲ್ಲಿ ನಿಂತಿತು. ಆಗ ಸ್ಟೀರಾಯ್ಡ್ ಡ್ರಾಪ್ಸೂ ಇರಲಿಲ್ಲ. ನಾನು ಬಾಟಲಿ ಅಲ್ಲಾಡಿಸುವುದು ಮರೆತಿದ್ದೆ ನೋಡು.

ಯುಗಾದಿ ಬೇರೆ ನಡುವೆ ಬಂತು. ಎಣ್ಣೆ ಸ್ನಾನ ಇಲ್ಲ. ತಲೆಗೆ ನೀರು ಬೇಕಂದರೆ ಕ್ಷೌರದಂಗಡಿಯವರ ಹಾಗೆ ಹಿಂದಕ್ಕೆ ಬಾಗಿಸಿ ಅಕ್ಕನೇ ಹುಯ್ಯಬೇಕು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿತ್ತು ಅಂದರೆ ನಾನು ಟೆರೇಸಿಗೆ, ಸೀನು ಬಂದರೆ ಹೊಲಿಗೆ ಗತಿ ಏನು ಅನ್ನೋ ಭಯ. ಹಬ್ಬದ ದಿನ ಸೋದರತ್ತೆ ಬಂದರು. ಬಗ್ಗುವ ಹಾಗಿಲ್ಲ, ಹಾಗಾಗಿ ನಿಂತೇ ಕೈ ಮುಗಿದೆ. ಅವರಿಗೆ ಅದು ಹಿಡಿಸಲಿಲ್ಲ. ಕೂತವರು ಅಮ್ಮನಿಗೆ ಮೆಲ್ಲಗೆ, ‘ಯಾರದಂತೆ ಅದು? ಯಾವ ಜನವೋ ಏನೋ’ ಅಂದರು. ಕೊಟ್ಟವರು ಯಾರಂತ ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ಅಮ್ಮ, ‘ಕಾಫಿ ಆರ್ತಿದೆ, ಕುಡೀರಿ’ ಅಂದಳು.

ಪಕ್ಕದ ಮನೆಯವರಂತೂ ‘ಅಪ್ಪು ಕೊಟ್ಟ ಹಾಗೇನಾ?’ ಅಂತ ಕೇಳಿದರು. ಹೌದು, ಹಾಗೇ. 2021ರಲ್ಲಿ ಪುನೀತ್ ಅವರ ಎರಡು ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ದರು. ನನ್ನದು ಒಳಗಿನ ತನಕ ಕೆಟ್ಟಿತ್ತು, ಪೂರ್ತಿ ದಪ್ಪದ್ದೇ ಬೇಕಾಯಿತು. ಒಬ್ಬನೇ ಇಬ್ಬರ ಪಾಲು ತಿಂದ ಹಾಗೆ ಅನ್ನಿಸುತ್ತೆ ಒಮ್ಮೊಮ್ಮೆ.

ಹಬ್ಬದ ಮಾರನೇ ದಿನ ಸಂಜೆ ಚಂದ್ರನ್ನ ನೋಡೋಕೆ ಎಲ್ಲರ ಜೊತೆ ಮೇಲೆ ಹೋದೆ. ಹೋದ ವರ್ಷ ಬಲಗಣ್ಣಲ್ಲಿ ಬೀದಿ ದೀಪ ಅಂದರೆ ದ್ರಾಕ್ಷಿ ಗೊಂಚಲು, ಒಂದಕ್ಕೆ ಆರೇಳು. ಈ ಸಲ ಎಡಗಣ್ಣಿಗೆ ಚಂದ್ರ ಸಿಕ್ಕಿದ, ಕೇಬಲ್ ವೈರಿನ ಪಕ್ಕ, ಉಗುರು ಕತ್ತರಿಸಿ ಎಸೆದ ಹಾಗೆ. ಬಲಗಣ್ಣಿಗೆ ಚಂದ್ರ ಇಲ್ಲವೇ ಇಲ್ಲ. ಬೀದಿ ದೀಪ ಕಂಡಿತು, ಹಿಂಜಿದ ಹತ್ತಿಯ ಹಾಗೆ. ಆದರೆ ಒಂದೇ. ಎರಡು ಸಲ ಎಣಿಸಿದೆ, ಒಂದೇ.

ಮುಂದಿನ ಭಾನುವಾರ ಬರ್ತೀನಿ ಅಂದಿದ್ದೀಯ, ಬಾ. ತೋಟದ್ದು ಹತ್ತು ತೆಂಗಿನಕಾಯಿ ತರಬೇಕಂತೆ, ಅಕ್ಕನ ಆರ್ಡರ್. ಲಿಫ್ಟ್ ಕೆಟ್ಟಿದೆ, ಮೂರು ಮಹಡಿ ನೀನೇ ಹೊರಬೇಕು. ನನಗೆ ಐದು ಕೆಜಿ ಮೇಲೆ ಎತ್ತುವ ಹಾಗಿಲ್ಲ, ಬೇಕಾದರೆ ಚೀಟಿ ತೋರಿಸುತ್ತೇನೆ.

ನಿನ್ನ
ಒಂದೂವರೆ ಕಣ್ಣಿನ ಗೆಳೆಯ