ಕಿವಿಯ ಕಡೆಯಿಂದ ಕೊಯ್ದರೆ ಹೆದರಬೇಡಿ

ಲೀಡ್ಸ್, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಾವಿಲ್ಲಿ ಕ್ಷೇಮ. ಅತ್ತಿಗೆಗೂ ಪುಟ್ಟಿಗೂ ಕೇಳಿದೆನೆಂದು ಹೇಳು. ನಿನ್ನ ಪತ್ರ ಓದಿ ತಲೆ ಕೆಟ್ಟಿತು. ಡಾಕ್ಟರು ಕಣ್ಣನ್ನು ಕಿವಿಯ ಕಡೆಯಿಂದ ಕೊಯ್ಯುತ್ತೇನೆ ಎಂದರೆಂದು ಅಪ್ಪ ಪೊರೆಯ ಆಪರೇಷನ್ನನ್ನೇ ಮುಂದೂಡಿದರೇ? ಶಂಕರ ದೊಡ್ಡಪ್ಪನಿಗೆ ಮೇಲಿನಿಂದ ಕೊಯ್ದಿದ್ದರು, ನನ್ನ ಮೇಲೇಕೆ ಪ್ರಯೋಗ ಎನ್ನುತ್ತಾರಂತೆ. ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು.

ಪ್ರಯೋಗವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೆಚ್ಚಿನವರಿಗೆ ಕೊಯ್ಯುವುದು ಅಲ್ಲಿಂದಲೇ. ದೊಡ್ಡಪ್ಪನ ಕಾಲದಲ್ಲಿ ಪೊರೆಯ ಗಟ್ಟಿ ತಿರುಳನ್ನು ಇಡಿಯಾಗಿ ಹೊರತೆಗೆಯಬೇಕಿತ್ತು. ಅದಕ್ಕೆ 10-12 ಮಿಲಿಮೀಟರ್ ಕೊಯ್ತ, ಮೇಲೆ ಹೊಲಿಗೆ. ಹೊಲಿಗೆ ಬಿಗಿಯಾದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಆ ದಿಕ್ಕಿನಲ್ಲಿ ಉಬ್ಬುತ್ತದೆ, ಸಡಿಲವಾದರೆ ಚಪ್ಪಟೆಯಾಗುತ್ತದೆ. ದೊಡ್ಡಪ್ಪನ ಸೋಡಾಗ್ಲಾಸಿನಂಥ ಕನ್ನಡಕ, ಅದರ ಸಿಲಿಂಡರ್ ನಂಬರು, ಅಂದರೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದಾಗ ಬರುವ ನಂಬರು, ನೆನಪಿದೆಯಲ್ಲ? ಈಗ 2.2ರಿಂದ 2.8 ಮಿಲಿಮೀಟರ್ ಸಾಕು. ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿ, ಮಡಿಸಿದ ಲೆನ್ಸನ್ನು ತೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆಯೇ ಬೇಡ.

ಇನ್ನು ಜಾಗದ ಮಾತು. ಕೊಯ್ದ ದಿಕ್ಕಿನಲ್ಲಿ ಕಾರ್ನಿಯಾದ ಬಾಗು ತುಸು ಇಳಿಯುತ್ತದೆ, ಅದಕ್ಕೆ ಅಡ್ಡದ ದಿಕ್ಕಿನಲ್ಲಿ ತುಸು ಏರುತ್ತದೆ. ನೀನು ಕಳಿಸಿದ ಚೀಟಿಯಲ್ಲಿ ಅಪ್ಪನ ಬಲಗಣ್ಣಿನ ಕಾರ್ನಿಯಾದ ಬಾಗಿನ ಅಳತೆ ಮೇಲೆ-ಕೆಳಗೆ 43.25, ಅಡ್ಡಕ್ಕೆ 44.25 ಎಂದಿದೆ. ಅಡ್ಡಕ್ಕೇ ಬಾಗು ಹೆಚ್ಚು, ವಯಸ್ಸಾದವರಲ್ಲಿ ಇದು ಸಾಮಾನ್ಯ. ಮೇಲಿನಿಂದ ಕೊಯ್ದರೆ ಈ ವ್ಯತ್ಯಾಸ ಇನ್ನಷ್ಟು ಬೆಳೆಯಬಹುದು. ಕಿವಿಯ ಕಡೆಯಿಂದ ಕೊಯ್ದರೆ ತುಸು ತಗ್ಗುತ್ತದೆ. ಇನ್ನೊಂದು, ಕಾರ್ನಿಯಾ ಎತ್ತರಕ್ಕಿಂತ ಅಗಲಕ್ಕೆ ದೊಡ್ಡದು. ಹಾಗಾಗಿ ಕಿವಿಯ ಕಡೆಯ ಗಾಯ ನೋಟದ ನಡುಭಾಗದಿಂದ ದೂರ ಉಳಿಯುತ್ತದೆ, ಅದನ್ನು ಅಷ್ಟಾಗಿ ಕದಲಿಸುವುದಿಲ್ಲ. ಅಪ್ಪನ ಹುಬ್ಬಿನ ಮೂಳೆ ಬೇರೆ ಮುಂದಕ್ಕಿದೆ, ಪಕ್ಕದಿಂದ ಡಾಕ್ಟರ ಕೈಗೆ ಅಡ್ಡಿಯೂ ಇಲ್ಲ. ಆ ಡಾಕ್ಟರು ಚೀಟಿ ನೋಡಿಯೇ ಹೇಳಿದ್ದಾರೆ, ನನಗೆ ಅವರ ಮೇಲೆ ಭರವಸೆ ಬಂತು.

ಅಪ್ಪಾ, ಇಲ್ಲಿ ಏನು ಮಾಡುತ್ತಾರೆ ಗೊತ್ತೇ? ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟು ಮಲಗಿಸುತ್ತಾರೆ, ಪೂರ್ತಿ ಎಚ್ಚರದಲ್ಲೇ. ಹುಬ್ಬಿನ ಮೇಲೆ ಪೆನ್ನಿನಲ್ಲಿ ಒಂದು ಬಾಣದ ಗುರುತು. ಕೈ ಹಿಡಿದು ಕೂರುವುದಕ್ಕೆಂದೇ ಒಬ್ಬರಿರುತ್ತಾರೆ, ಎಷ್ಟೋ ಸಲ ಅದು ನಾನೇ. ಕೈ ಹಿಸುಕಿದರೆ ಡಾಕ್ಟರಿಗೆ ಹೇಳಬೇಕು. ಮುಗಿದ ಮೇಲೆ ಚಹಾ, ಬಿಸ್ಕತ್ತು, ಅಂದೇ ಮನೆಗೆ. ನಗಬೇಡಿ, ಕಣ್ಣೊಳಗೆ ಲೆನ್ಸ್ ಇಡುವುದನ್ನು 1949ರಲ್ಲಿ ಮೊದಲು ಮಾಡಿದ್ದು ಇದೇ ದೇಶದ, ಲಂಡನ್ನಿನ ಕಣ್ಣಿನ ಡಾಕ್ಟರು ಹೆರಾಲ್ಡ್ ರಿಡ್ಲಿ. ಆದರೂ ಇಲ್ಲಿ ಸರದಿಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ನಿಮಗೆ ಮುಂದಿನ ವಾರವೇ ಕೊಟ್ಟಿದ್ದಾರೆ, ಸುಮ್ಮನೆ ಹೋಗಿ.

ಅಣ್ಣಾ, ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕೇ ಎಂದು ಕೇಳಿದ್ದೀಯಲ್ಲ, ಅದನ್ನು ಡಾಕ್ಟರಲ್ಲೇ ಕೇಳು. ಕೊಯ್ದ ಮೇಲೂ ಎಷ್ಟು ಸಿಲಿಂಡರ್ ಉಳಿದೀತು ಎಂದು ಅವರು ಲೆಕ್ಕ ಹಾಕಿರುತ್ತಾರೆ. ಬೇಕೆಂದರೆ ದುಡ್ಡಿನ ಮುಖ ನೋಡಬೇಡ, ನಾನು ಕಳಿಸುತ್ತೇನೆ. ಬೇಡವೆಂದರೆ ಕನ್ನಡಕ ಇದ್ದೇ ಇದೆ.

ಒಂದೇ ಎಚ್ಚರಿಕೆ. ಪಕ್ಕದ ಗಾಯವನ್ನು ಮೇಲಿನ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಮೊದಮೊದಲು ಮರಳು ಬಿದ್ದಂತೆ ಚುಚ್ಚೀತು. ಅಪ್ಪ ಟವೆಲಿನಿಂದ ಕಣ್ಣುಜ್ಜುವ ಅಭ್ಯಾಸ ಬಿಡಬೇಕು. ರಾತ್ರಿ ಕಣ್ಣಿಗೆ ಕವಚ ಕಟ್ಟು. ನೋವು ಜಾಸ್ತಿಯಾದರೆ, ಕಣ್ಣು ಕೆಂಪಾದರೆ, ನೋಟ ಮಂಜಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿ. ಹಾಗೇನೂ ಆಗುವುದಿಲ್ಲ, ನೋಡುತ್ತಿರು. ಅಮ್ಮನಿಗೂ ಏನೂ ಆಗುವುದಿಲ್ಲ ಎಂದು ಹೇಳು. ಏನೂ ಎಂದರೆ ಏನೂ ಆಗುವುದಿಲ್ಲ.

ಬಸ್ಸಿಗೆ ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ.

ನಿನ್ನ ತಂಗಿ,
ಸುಮ